ಎಳ್ಳಮಾಸಿಗೆ ಹಾಸಿದ ಫರಸಿ

ಹೊಸ್ತಿಲು ದಾಟಿ ಒಳಕೋಣೆಗೆ ಕಾಲಿಟ್ಟ ಶಶಿಕಲಾ ಮುಗ್ಗರಿಸಿದಳು.

ಎಡವುವಂಥದ್ದು ಅಲ್ಲಿ ಏನೂ ಇರಲಿಲ್ಲ. ನೆಲ ಇಳಿಯಬೇಕಾದ ಕಡೆ ಇಳಿದಿರಲಿಲ್ಲ, ಅಷ್ಟೇ. ದೀಪಾವಳಿಯ ಹಿಂದಿನ ವಾರ ಇದೇ ಕೋಣೆಗೆ ಬಂದಾಗ ಹೊಸ್ತಿಲಿನಿಂದ ನಾಲ್ಕು ಬೆರಳು ಕೆಳಗೆ ಪಾದ ಇಡಬೇಕಾಗಿತ್ತು. ತಲೆ ಮರೆತದ್ದನ್ನು ಕಾಲು ನೆನಪಿಟ್ಟುಕೊಂಡಿತ್ತು.

"ಹುಷಾರವ್ವಾ," ಎಂದ ಹಿಂದೆಯೇ ಬಂದ ಅವಳ ಅಪ್ಪ ಮೌನಪ್ಪ. ಮಾನ್ವಿ ಸುತ್ತಮುತ್ತ ನಲವತ್ತು ವರ್ಷ ಗೌಂಡಿಯಾಗಿ ಗೋಡೆ ಕಟ್ಟಿ, ನೆಲ ಹಾಸಿದ ಮನುಷ್ಯ. ಮೊಣಕಾಲೂರಿ ಕುಳಿತು ಎರಡು ಕಲ್ಲಿನ ಸಂದಿಗೆ ಉಗುರು ಎಳೆದ. "ಹೊಸ ಕಲ್ಲು ಹಾಸ್ಯಾರ, ಹೊಸ ಫರಸಿ. ಸಂದಿನ ಸಿಮೆಂಟು ಇನ್ನೂ ಕಪ್ಪಗದ. ತಿಂಗಳೂ ಆಗಿಲ್ಲ."

ಶಶಿಕಲಾ ಫೋನಿನಲ್ಲಿ ಹಳೆಯ ಫೋಟೋ ತೆಗೆದಳು. ಅದರಲ್ಲಿ ಇದೇ ಕೋಣೆ, ಇದೇ ಕಿಟಕಿ. ನೆಲದಲ್ಲಿ ಮಾತ್ರ ಸವೆದ ಹಳೆಯ ಶಾಬಾದಿ ಕಲ್ಲು, ನಟ್ಟನಡುವೆ ದುಂಡನೆಯ ಮುಚ್ಚಳಗಲ್ಲು, ಅದಕ್ಕೊಂದು ಕಬ್ಬಿಣದ ಬಳೆ. ಹಗೇವಿನ ಬಾಯಿ. ಹಿಂದಿನವರು ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜ. ಫೋಟೋದ ಕೆಳಗೆ ಅವಳದೇ ಟಿಪ್ಪಣಿ: 'ಹಗೇವು ಒಂದು. ಬಾಯಿ ಎರಡು ಅಡಿ. ಒಳಗೆ ಇಳಿದು ನೋಡಿಲ್ಲ.'

ಈಗ ಆ ಬಳೆ ಇಲ್ಲ, ಮುಚ್ಚಳವಿಲ್ಲ. ಕೋಣೆಯ ತುಂಬ ನೀಲಿಗಪ್ಪು ಕಲ್ಲು.

ಈ ಮನೆಯ ಯಜಮಾನ ಪಂಪಾಪತಿಯ ಹೆಂಡತಿ ದುರ್ಗಾ ಕಣ್ಮರೆಯಾಗಿ ಇಂದಿಗೆ ಇಪ್ಪತ್ತೆರಡು ದಿನ.

ಶಶಿಕಲಾ ಪೊಲೀಸಳಲ್ಲ. ಡಿಪ್ಲೊಮಾ ಓದಿ, ರಾಯಚೂರಿನಲ್ಲಿ ಒಂದು ಕೋಣೆಯ ಕಚೇರಿ ಮಾಡಿಕೊಂಡು, ಮನೆ ಕೊಳ್ಳುವವರ ಪರವಾಗಿ ಮನೆ ತಪಾಸಣೆ ಮಾಡಿಕೊಡುವವಳು. ಈ ಮನೆ ಕೊಳ್ಳಲು ಹೊರಟಿದ್ದವಳು ಗುಲ್ಫಶಾ, ಮಾನ್ವಿಯ ಆಸ್ಪತ್ರೆಯೊಂದರಲ್ಲಿ ನರ್ಸು. ದಿನಾ ರಾಯಚೂರಿನಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಅಮ್ಮ ಮಹಬೂಬಿಯನ್ನು ಒಂದು ಸ್ವಂತ ಸೂರಿನ ಕೆಳಗೆ ಕೂಡಿಸಬೇಕೆಂಬುದು ಅವಳ ಆಸೆ. ಪಡಸಾಲೆಯ ಕಿಟಕಿಯ ಕೆಳಗೆ, ಅಮ್ಮನ ಹೊಲಿಗೆ ಯಂತ್ರ ಇಡುವ ಜಾಗಕ್ಕೆ, ಮೊದಲ ಸಲ ಬಂದಾಗಲೇ ಸೀಮೆಸುಣ್ಣದಲ್ಲಿ ಚೌಕ ಗೀಚಿದ್ದಳು. ಆ ಗೆರೆ ಇನ್ನೂ ಅಳಿಸಿರಲಿಲ್ಲ.

ಇದು ಸಾಮಾನ್ಯ ಖರೀದಿಯಲ್ಲ. ಮನೆ ಬ್ಯಾಂಕಿಗೆ ಒತ್ತೆ ಬಿದ್ದಿತ್ತು, ಸಾಲ ಮನೆಯ ಬೆಲೆಯನ್ನೂ ದಾಟಿ ಬೆಳೆದಿತ್ತು. ಬಂದಷ್ಟಕ್ಕೆ ಮಾರಿ ಸಾಲ ತೀರಿಸಿಕೊಳ್ಳಲು ಬ್ಯಾಂಕು ಒಪ್ಪಬೇಕು. ಆ ಒಪ್ಪಿಗೆಯ ಕಾಗದಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಬಂದ ಮೇಲೆ ಹತ್ತೇ ದಿನದಲ್ಲಿ ನೋಂದಣಿ ಮುಗಿಯಬೇಕು, ಇಲ್ಲವಾದರೆ ಮನೆಗೆ ಬೀಗ, ಆಮೇಲೆ ಹರಾಜು.

ಇಂಥ ಮನೆಯನ್ನು ಯಾವಾಗ ನೋಡಬೇಕು? ಕಾಗದ ಬರುವ ಮೊದಲೇ ನೋಡಿದರೆ, ಬ್ಯಾಂಕು ಒಪ್ಪದೆ ಹೋದಾಗ ತಪಾಸಣೆಯ ಖರ್ಚು ದಂಡ. ಬಂದ ಮೇಲೆ ನೋಡೋಣವೆಂದರೆ ಆ ಅವಸರದಲ್ಲಿ ಯಾವ ಬಿರುಕು ಕಂಡೀತು? ಶಶಿಕಲಾ ಎರಡೂ ಸಲ ನೋಡುತ್ತಿದ್ದಳು.

"ಎರಡೆರಡು ಸಲ ಯಾಕ ಶಶಿಕ್ಕ?" ಎಂದು ಗುಲ್ಫಶಾ ಅಂದು ಕೇಳಿದ್ದಳು.

"ಕಾಗದ ಬರೋತನಕ ಮನಿ ಸುಮ್ಮನ ಕುಂದ್ರಂಗಿಲ್ಲ ತಂಗಿ. ಮಾರೋರ ಕೈಯಾಗ ಇರ್ತದ. ನಾವು ನೋಡಿದ ಮನಿ ಒಂದು, ನಮಗ ಸಿಗೋ ಮನಿ ಇನ್ನೊಂದು."

ಅದಕ್ಕೇ ಕರಾರಿನಲ್ಲಿ ಒಂದು ಮಾತು ಬರೆಸಿದ್ದಳು. ಮೊದಲ ತಪಾಸಣೆಯ ನಂತರ ಯಾವ ಗೋಡೆ, ಯಾವ ನೆಲ ಬದಲಾದರೂ ಎರಡನೆಯ ತಪಾಸಣೆಯಲ್ಲಿ ಅದನ್ನು ಬಿಚ್ಚಿ ನೋಡುವ ಹಕ್ಕು ಕೊಳ್ಳುವವರದು. ಪಂಪಾಪತಿ ಓದದೆ ಸಹಿ ಹಾಕಿದ್ದ.

ಕಾಗದ ಬಂತು. ಗಡುವು ಬರುವ ಸೋಮವಾರ. ಎರಡನೆಯ ತಪಾಸಣೆಯ ನೋಟಿಸಿಗೆ ಮನೆಯ ಇನ್ನೊಬ್ಬ ಒಡತಿ ದುರ್ಗಾಳ ಸಹಿಯೂ ಬೇಕಿತ್ತು. "ತವರಿಗೆ ಹೋಗ್ಯಾಳ," ಎಂದಿದ್ದ ಪಂಪಾಪತಿ. ಸಹಿ ಹಾಕಿಸಲು ಶಶಿಕಲಾ ಗುರುವಾರ ದೇವದುರ್ಗಕ್ಕೆ ಹೋದಳು. ಬಾಗಿಲು ತೆರೆದ ತಾಯಿ ಗೋಪಮ್ಮ, ಮಗಳ ಹೆಸರು ಕೇಳಿದ್ದೇ ತಡ, ಶಶಿಕಲಾಳ ಎರಡೂ ಕೈ ಹಿಡಿದುಕೊಂಡಿದ್ದಳು. ಮಗಳು ಅಲ್ಲಿಗೆ ಬಂದೇ ಇರಲಿಲ್ಲ. ಠಾಣೆಯಲ್ಲಿ ದೂರು ಬರೆದುಕೊಂಡಿದ್ದರು. ಎಲ್ಲಿಂದ ಹುಡುಕಬೇಕೆಂದು ಅವರಿಗೂ ತಿಳಿದಿರಲಿಲ್ಲ.

"ಯಪ್ಪಾ," ಎಂದಳು ಶಶಿಕಲಾ ಮೆಲ್ಲಗೆ. "ಇದನ್ನ ಗೌಂಡಿ ಹಾಕ್ಯಾನೇನು?"

ಮೌನಪ್ಪ ಬಚ್ಚಲಿನಿಂದ ಒಂದು ಕೊಡ ನೀರು ತಂದು ನೆಲದ ಮೇಲೆ ಹರಿಯಬಿಟ್ಟ. ನೀರು ಆ ಕಡೆ ಈ ಕಡೆ ತಡಕಾಡಿ, ಹರಿಯುವಷ್ಟು ಹರಿದು, ನಾಲ್ಕು ಕಡೆ ನಿಂತಿತು.

ನಾಲ್ಕು ಸಣ್ಣ ಮಡುಗಳು. ಎದುರಿನ ಗೋಡೆಯಿಂದ ಬಾಗಿಲಿನ ಕಡೆಗೆ ಒಂದೇ ಸಾಲು. ಒಂದರಿಂದ ಒಂದಕ್ಕೆ ಒಂದು ಹೆಜ್ಜೆಯ ದೂರ.

"ನೋಡವ್ವಾ," ಎಂದ ಮೌನಪ್ಪ. "ಗೌಂಡಿ ಆದಾಂವ ಆ ಮೂಲ್ಯಾಗ ಶುರು ಮಾಡ್ತಾನ. ಹಿಂದ ಹಿಂದ ಸರಕೊಂತ ಬಂದು ಬಾಗಿಲಾಗ ಕೆಲಸ ಮುಗಸ್ತಾನ. ಇಂವ ಬಾಗಿಲಿಂದ ಶುರು ಮಾಡ್ಯಾನ. ಕಡೀ ಕಲ್ಲು ಕೂಡಿಸಿ ನೋಡ್ತಾನ, ಹೊರಗ ಬರಾಕ ಹಾದಿ ಇಲ್ಲ. ಹಸೀ ಕೆಲಸದ ಮ್ಯಾಲ ನಡಕೊಂಡು ಬಂದಾನ."

"ಒಬ್ಬನೇ?"

"ಒಬ್ಬನೇ. ಇನ್ನೊಬ್ಬ ಇದ್ದಿದ್ರ ಹಲಗಿ ಕೊಡ್ತಿದ್ದ."

ಶಶಿಕಲಾ ಆ ನಾಲ್ಕು ಮಡುಗಳನ್ನು ನೋಡುತ್ತ ನಿಂತಳು. ಮನೆಯ ಯಾರೋ ಅವಸರದಲ್ಲಿ ಇಟ್ಟ ನಾಲ್ಕು ಹೆಜ್ಜೆ, ಮೂರು ವಾರದ ನಂತರ ನೀರು ಬಿದ್ದಾಗ ಎದ್ದು ಕುಳಿತಿದ್ದವು.

"ಚಾ ತಂದೀನಿ, ಬರ್ರಿ."

ಬಾಗಿಲಲ್ಲಿ ಬಸ್ಸಮ್ಮ ನಿಂತಿದ್ದಳು. ಪಕ್ಕದ ಮನೆಯವಳು, ಪಂಪಾಪತಿಗೆ ದೊಡ್ಡಮ್ಮನಾಗಬೇಕು. ಅರವತ್ತೈದರ ಮೇಲಿನ ವಯಸ್ಸು, ತುಂಬು ತೋಳಿನ ರವಿಕೆ, ಹಣೆಯಲ್ಲಿ ವಿಭೂತಿ. ತಟ್ಟೆಯಲ್ಲಿ ನೀಲಿ ಬಳ್ಳಿಯ ಚಿತ್ರವಿದ್ದ ಬಿಳಿಯ ಕಪ್ಪುಗಳು.

"ನಮ್ಮ ಮನಿಯವರು ಹೈದರಾಬಾದಿನಿಂದ ತಂದಿದ್ದು. ಆರು ಇದ್ವು, ಈಗ ಐದು," ಎಂದಳು, ಶಶಿಕಲಾ ಕಪ್ಪನ್ನು ತಿರುಗಿಸಿ ನೋಡುತ್ತಿದ್ದುದನ್ನು ಕಂಡು. "ಒಂದು ಒಡೀತು. ನನ್ನ ಜೀವಾನೇ ಹೋದಂಗಾತು."

ಮೌನಪ್ಪ ಮಗಳ ಕಿವಿಯ ಬಳಿ ಬಾಗಿ, "ಸಕ್ರಿ ಹಾಕ್ಯಾಳೋ ಏನೋ, ನನಗ ಬ್ಯಾಡ," ಎಂದು ಪಿಸುಗುಟ್ಟಿದ.

"ಅಯ್ಯ, ಸಕ್ರಿ ಇಲ್ಲದ್ದು ಒಂದು ಮಾಡಿ ತರ್ತೀನಿ ತಡೀರಿ ಯಪ್ಪಾ," ಎಂದು ಬಸ್ಸಮ್ಮ ಬಾಗಿಲಿನಿಂದಲೇ ನಕ್ಕಳು. ಒದ್ದೆ ನೆಲವನ್ನು ಒಂದು ಸಲ ನೋಡಿದಳು. ಏನು, ಯಾಕೆ ಎಂದು ಕೇಳಲಿಲ್ಲ.

"ಈ ಹಗೇವಿನ ಬಗ್ಗಿ ನಿಮಗ ಗೊತ್ತಿತ್ತೇನು ದೊಡ್ಡಮ್ಮ?" ಎಂದು ಶಶಿಕಲಾ ಕೇಳಿದಳು.

"ಗೊತ್ತಿಲ್ಲದೇನು? ಮೊದಲ ಈ ಎರಡೂ ಮನಿ ಒಂದೇ ಇದ್ವು. ನಮ್ಮ ಮಾವನ ಕಾಲಕ್ಕ ಪಾಲಾತು, ನಡುವ ಗ್ವಾಡಿ ಎದ್ದಿತು." ಅವಳು ಎದುರಿನ ಗೋಡೆಯ ಕಡೆ ಗದ್ದ ತೋರಿದಳು. "ಹಗೇವು ಇವರ ಪಾಲಿಗೆ, ಬಾವಿ ನಮ್ಮ ಪಾಲಿಗೆ. ನಮ್ಮ ಬಾವಿ ಬತ್ತಿತು, ಇವರ ಹಗೇವು ಬರಿದಾತು. ದೇವರು ಸಮ ಮಾಡಿದ."

ಆಕೆ ನಗುತ್ತ ಹೋದಳು. ಮೌನಪ್ಪನಿಗೆ ಸಕ್ಕರೆಯಿಲ್ಲದ ಚಹ ಐದು ನಿಮಿಷದಲ್ಲಿ ಬಂತು.

ಪಂಪಾಪತಿ ಬಂದಾಗ ಹನ್ನೊಂದು ದಾಟಿತ್ತು. ಹತ್ತಿ ವ್ಯಾಪಾರಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮಾತು ಬೆಣ್ಣೆ. ಜೊತೆಗೆ ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿಕೊಂಡು ನೇರವಾಗಿ ಬಂದ ಗುಲ್ಫಶಾ.

"ಮುಗೀತೇನ್ರಿ ಮೇಡಮ್ನೋರ? ಸೋಮವಾರ ಹತ್ತೂವರಿಗೆ ನೋಂದಣಿ. ನಮ್ಮಾಕಿದು ಮುಖ್ತಾರ್‌ಪತ್ರ ನನ್ನ ಹತ್ರ ಅದ, ಆಕಿ ಸಹಿ ನಾನೇ ಹಾಕಬೌದು, ಆಕಿ ಬರೋದೇನೂ ಬೇಕಾಗಿಲ್ಲ."

"ಇಲ್ಲಿ ಹಗೇವು ಇತ್ತಲ್ರಿ ಸಾವ್ಕಾರ್ರೆ?"

"ಇತ್ತು. ಮುಚ್ಚಿಸಿದೆ. ಇಲಿ, ಹಾವು, ಏನೇನೋ. ಸಿಸ್ಟರ್ ಅವರ ತಾಯಿ ವಯಸ್ಸಾದವರು, ಕಾಲು ಜಾರಿ ಬಿದ್ದುಗಿದ್ದಾರು ಅಂತ ನನ್ನ ಖರ್ಚಿನಾಗೇ ಫರಸಿ ಹಾಕಿಸಿಕೊಟ್ಟೆ. ಒಳ್ಳೇದು ಮಾಡಿದ್ರೂ ತಪ್ಪೇನ್ರಿ?"

"ಯಾರು ಹಾಕಿದ್ದು?"

"ವಲಿ ಪಾಷಾನ ಮಂದಿ. ಮಾನ್ವಿಯೊಳಗ ಅವನಿಗಿಂತ ಚಲೋ ಗೌಂಡಿ ಯಾರದಾರ?"

ಮೌನಪ್ಪ ತಲೆ ತಗ್ಗಿಸಿ ಕಪ್ಪಿನ ತಳದ ಚಹವನ್ನು ಅಲುಗಾಡಿಸುತ್ತಿದ್ದ. ವಲಿ ಪಾಷಾ ಕರಣಿ ಹಿಡಿಯಲು ಕಲಿತದ್ದು ಇದೇ ಮೌನಪ್ಪನ ಕೈಯಲ್ಲಿ ಎಂಬುದು ಪಂಪಾಪತಿಗೆ ತಿಳಿಯದು.

"ಯಾವ ದಿನ ಹಾಕಿದ್ರು?"

"ತಾರೀಖು ಯಾರು ನೆನಪಿಡ್ತಾರ? ತಡೀರಿ, ಫೋಟೋ ಅದ. ಬ್ಯಾಂಕಿನವ್ರಿಗೆ ತೋರಸಾಕ ಬೇಕಂತ ಕೆಲಸ ಮುಗಿದ ಕೂಡಲೆ ತೆಗೆದಿಟ್ಟೀನಿ. ನಂದೆಲ್ಲಾ ಲೆಕ್ಕಾಚಾರ ಚೊಕ್ಕ." ಅವನು ಹೆಮ್ಮೆಯಿಂದ ಫೋನನ್ನು ಅವಳ ಕೈಗಿತ್ತ.

ಫೋಟೋದಲ್ಲಿ ಹೊಸ ನೆಲ ಒದ್ದೆಯಾಗಿ ಮಿನುಗುತ್ತಿತ್ತು. ಮೇಲುಗಡೆ, ಫೋನು ತಾನಾಗಿಯೇ ಬರೆದುಕೊಂಡ ದಿನ. ಡಿಸೆಂಬರ್ ಹತ್ತೊಂಬತ್ತು, ಶುಕ್ರವಾರ, ಮಧ್ಯಾಹ್ನ ಮೂರೂ ನಲವತ್ತು.

ಶಶಿಕಲಾ ಅದನ್ನು ಎರಡು ಸಲ ಓದಿದಳು.

"ಗುಲ್ಫಶಾ, ಹತ್ತೊಂಬತ್ತನೇ ತಾರೀಖು ನೀ ಎಲ್ಲಿದ್ದಿ?"

"ಆಸ್ಪತ್ರ್ಯಾಗ. ನೆನಪದ ಶಶಿಕ್ಕ, ಅವತ್ತು ನೊಣ ಹೊಡ್ಕೊಂತ ಕುಂತಿದ್ವಿ. ಒಬ್ರೂ ಬರಲಿಲ್ಲ. ಊರಿಗೆ ಊರೇ ಹೊಲಕ್ಕ ಹೋಗಿತ್ತು." ಹೇಳುತ್ತ ಹೇಳುತ್ತ ಅವಳ ದನಿ ಸಣ್ಣದಾಯಿತು. "ಎಳ್ಳಮಾಸಿ."

ಎಳ್ಳಮಾಸಿ, ಎಳ್ಳು ಅಮಾವಾಸ್ಯೆ. ಮಾನ್ವಿಯ ಓಣಿಗಳೆಲ್ಲ ಖಾಲಿಯಾಗುವ ದಿನ. ಬುತ್ತಿ ಹೊತ್ತು, ಮಕ್ಕಳನ್ನು ಕಟ್ಟಿಕೊಂಡು ಜನ ಹೊಲಕ್ಕೆ ಹೋಗಿ, ಐದು ಕಲ್ಲಿಟ್ಟು ಪೂಜೆ ಮಾಡಿ, ಬೆಳೆಗೆ ಚರಗವೆಂದು ಎಡೆಯ ಅನ್ನ ಚೆಲ್ಲಿ, ಉಂಡು ಬರುವ ದಿನ. ಹೊಲವಿಲ್ಲದವರನ್ನು ಹೊಲವಿದ್ದವರು ಕರೆದು ಉಣ್ಣಿಸುತ್ತಾರೆ. ಜಾತಿ ಯಾವುದಾದರೂ, ಮತ ಯಾವುದಾದರೂ, ಆ ದಿನ ಈ ಸೀಮೆಯ ಗೌಂಡಿ ಕರಣಿ ಮುಟ್ಟುವುದಿಲ್ಲ. ಅಮಾವಾಸ್ಯೆಗೆ ಕಲ್ಲು ಕೂಡಿಸಿದ ಮನೆಯಲ್ಲಿ ದೀಪ ನಿಲ್ಲುವುದಿಲ್ಲ ಎನ್ನುತ್ತಾರೆ. ಮುಟ್ಟುತ್ತೇನೆಂದರೂ ಮನೆಯವರು ಬಿಡುವುದಿಲ್ಲ.

ನಡುಹಗಲಿನಲ್ಲಿ ಕಲ್ಲು ಕುಟ್ಟಿದರೂ ಕೇಳುವವರಿಲ್ಲದ ಒಂದೇ ಒಂದು ದಿನ.

ಮೌನಪ್ಪ ಆಗಲೇ ಫೋನು ಹಚ್ಚಿದ್ದ. ಎಲ್ಲರಿಗೂ ಕೇಳುವಂತೆ ದೊಡ್ಡದು ಮಾಡಿ ಅಂಗೈ ಮೇಲೆ ಹಿಡಿದ.

"ಸಲಾಂ ಉಸ್ತಾದ್, ಬಾಳ ದಿನಕ್ಕ ನೆನಪಾತು," ಎಂದಿತು ವಲಿ ಪಾಷಾನ ದನಿ.

"ವಲೀ, ಎಳ್ಳಮಾಸಿ ದಿನ ನೀ ಎಲ್ಲಿ ಕೆಲಸ ಮಾಡಿದಿ?"

"ಎಳ್ಳಮಾಸಿ ದಿನ ಕೆಲಸ! ಚ್ಯಾಷ್ಟಿ ಮಾಡ್ತೀರೇನು ಉಸ್ತಾದ್? ಹಿರೇಕೊಟ್ನೆಕಲ್ಲಾಗ ದೋಸ್ತನ ಹೊಲದಾಗ ಭಜ್ಜಿಪಲ್ಯ ಹೊಟ್ಟಿ ಬಿರಿಯಂಗ ಉಂಡು ಬೇವಿನ ಗಿಡದ ಕೆಳಗ ಬಿದ್ದಿದ್ದೆ. ನಮ್ಮ ಹುಡುಗ್ರೂ ಅಲ್ಲೇ ಇದ್ರು. ಯಾಕ, ಯಾರು ಏನಂದ್ರು?"

"ಪಂಪಾಪತಿ ಸಾವ್ಕಾರ್ರ ಮನ್ಯಾಗ ಫರಸಿ ಹಾಕಿದ್ಯಂತ."

"ಅವರ ಹೊಸ್ತಿಲು ತುಳಿದು ಮೂರು ವರ್ಷ ಆತು. ಯಾರವ ಹೇಳಿದಾಂವ, ಫೋನ್ ಅವನ ಕೈಯಾಗ ಕೊಡ್ರಿ ಜರಾ!"

ಮೌನಪ್ಪ ಕೊಡಲಿಲ್ಲ. ಫೋನು ಜೇಬಿಗಿಟ್ಟ.

ಪಂಪಾಪತಿಯ ಮುಖದ ಬೆಣ್ಣೆ ಕರಗಿತ್ತು. ಆದರೂ ಹಲ್ಲು ಕಾಣಿಸಿದ. "ಹಂಗಾದ್ರ ಬ್ಯಾರೆ ಯಾರೋ. ನನಗೇನು ಗೊತ್ತು? ನಾ ಅವತ್ತು ರಾಯಚೂರಿನ ಮಾರ್ಕೆಟ್ಟಿನಾಗ ಇದ್ದೆ."

"ಮಾರ್ಕೆಟ್ಟಿನಾಗ ಇದ್ದವರ ಫೋನಿನಾಗ ಈ ಫೋಟೋ ಹ್ಯಾಂಗ ಬಂತ್ರಿ?"

ಪಂಪಾಪತಿ ಸುತ್ತ ನೋಡಿದ. ಬಾಗಿಲಿನಲ್ಲಿ ಖಾಲಿ ತಟ್ಟೆ ಹಿಡಿದು ನಿಂತಿದ್ದ ಬಸ್ಸಮ್ಮನ ಮೇಲೆ ಕಣ್ಣು ನಿಂತಿತು. "ದೊಡ್ಡಮ್ಮ, ನೀ ಮನ್ಯಾಗ ಇದ್ದೆಲ್ಲ, ಮೊಣಕಾಲು ನೋವಂತ ಹೊಲಕ್ಕ ಹೋಗಿದ್ದಿಲ್ಲ. ಹೇಳು ಇವರಿಗೆ, ಗೌಂಡಿಗಳು ಬಂದಿದ್ರೋ ಇಲ್ಲೋ!"

ಬಸ್ಸಮ್ಮ ತಟ್ಟೆಯನ್ನು ಸೆರಗಿನಿಂದ ಒರೆಸಿದಳು.

"ನಾ ಏನು ಕಂಡೇನಪ್ಪಾ? ಮಲಗಿದ್ದೆ. ನನಗ ಕಿವಿ ಬ್ಯಾರೆ ಮಂದ."

ಶಶಿಕಲಾ ತಟ್ಟನೆ ತಲೆಯೆತ್ತಿದಳು. ಸಕ್ಕರೆಯ ಪಿಸುಮಾತು ಬಾಗಿಲವರೆಗೆ ಕೇಳಿದ ಕಿವಿಗೆ, ಒಂದೇ ಗೋಡೆಯ ಆಚೆ ದಿನವಿಡೀ ಕಲ್ಲು ಕುಟ್ಟಿದ್ದು ಕೇಳಲಿಲ್ಲವೇ? ಅದನ್ನು ಕೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಹೊರಗಿನ ಕಟ್ಟೆಯಿಂದ ದನಿ ಬಂತು.

"ನನ್ನ ಮಗಳು ನನ್ನ ಮನ್ಯಾಗ ಅದಾಳಂತ ಊರಿಗೆಲ್ಲ ಹೇಳೀರಂತಲ್ಲ ಅಳಿಯಾರ. ನನಗ ಒಬ್ಬಾಕಿಗೇ ಹೇಳಿಲ್ಲ."

ಗೋಪಮ್ಮ ದೇವದುರ್ಗದ ಬಸ್ಸಿಳಿದು ಬಂದಿದ್ದಳು. ಒಣಗಿದ ಸಣ್ಣ ದೇಹ, ಕಂಕುಳಲ್ಲಿ ಬಟ್ಟೆಯ ಗಂಟು. ಅಳಿಯನ ಮುಂದೆ ನಿಂತು ಸೆರಗು ಸರಿಮಾಡಿಕೊಂಡಳು. ಇಪ್ಪತ್ತೆರಡು ದಿನದ ಮೇಲೂ ಆ ಮರ್ಯಾದೆ ಕೈಬಿಟ್ಟಿರಲಿಲ್ಲ.

"ಅತ್ತಿ, ನೀವು ಕುಂದ್ರಿ. ಇದು ವ್ಯವಹಾರದ ಮಾತು."

"ಕುಂತೀನಿ. ಎಳ್ಳಮಾಸಿ ದಿನ ಹೊಲದಾಗ ಹೊತ್ತು ಮುಣುಗೋತನಕ ಕುಂತೀನಿ. 'ಎಂಟರ ಬಸ್ಸಿಗೆ ಬರ್ತೀನವ್ವಾ, ಬುತ್ತಿ ಕಟ್ಟಾಕತ್ತೀನಿ' ಅಂದಿತ್ತು ನನ್ನ ಕೂಸು. ಮಂದಿ ಎಲ್ಲ ಚರಗ ಚೆಲ್ಲಿ ಉಂಡು ಎದ್ದು ಹೋದ್ರು. ನಾ ಚೆಲ್ಲಲಿಲ್ಲ. ಆಕಿ ಬರಲಿ, ಆಕಿ ಕೈಲೆ ಚೆಲ್ಲಸೋಣಂತ." ಆಕೆಯ ದನಿ ಏರಲೂ ಇಲ್ಲ, ನಡುಗಲೂ ಇಲ್ಲ. "ಮನಿ ಮಾರಾಕ ಸಹಿ ಹಾಕಂಗಿಲ್ಲ ಅಂದಿದ್ಲು. ಈಗ ನಿಮ್ಮ ಕೈಯಾಗ ಆಕಿ ಮುಖ್ತಾರ್‌ಪತ್ರ ಅದ. ಆಕಿ ಎಲ್ಲಿ?"

ಪಂಪಾಪತಿ ಶಶಿಕಲಾಳ ಕಡೆ ತಿರುಗಿದ.

"ಒಂದು ಕಲ್ಲು ಎಬ್ಬಿಸಿದ್ರೂ ಸೋಮವಾರ ನಾ ನೋಂದಣಿಗೆ ಬರಂಗಿಲ್ಲ."

"ಕರಾರಿನಾಗ ಬರೆದದ್ದು ಅದ. ಬಿಚ್ಚಿ ನೋಡೋ ಹಕ್ಕು..."

"ಹಕ್ಕು ಇಟ್ಟುಕೋರಿ! ಗಡುವು ಮುಗೀತದ, ಬ್ಯಾಂಕಿನವ್ರು ಬೀಗ ಹಾಕ್ತಾರ, ಮನಿ ಹರಾಜಿಗೆ ಹೋಗ್ತದ. ಸಿಸ್ಟರ್, ನೀವು ಹೇಳ್ರಿ. ಬೇಕೋ ಬ್ಯಾಡೋ? ನಿಮ್ಮ ಅಮ್ಮನ್ನ ಇನ್ನೆಷ್ಟು ವರ್ಷ ಬಾಡಿಗಿ ಮನ್ಯಾಗ ಇಡ್ತೀರಿ?"

ಅವನ ಲೆಕ್ಕ ತಪ್ಪಿರಲಿಲ್ಲ. ಇಂದು ನೆಲ ತೆರೆಯದಿದ್ದರೆ ಸೋಮವಾರ ಮನೆ ಗುಲ್ಫಶಾಳದಾಗುತ್ತದೆ, ಅವನು ಊರು ಬಿಡುತ್ತಾನೆ. ಹರಾಜಿಗೆ ಹೋದರೆ ಬಾಗಿಲಿಗೆ ಬೀಗ ಬಿದ್ದು ಎಷ್ಟು ತಿಂಗಳೋ. ಗೋಪಮ್ಮನಿಗೆ ಉಳಿದಿದ್ದುದು ಈ ಒಂದು ಮಧ್ಯಾಹ್ನ. ಅದರ ಕೀಲಿ ಗುಲ್ಫಶಾಳ ನಾಲಿಗೆಯಲ್ಲಿತ್ತು. ಹಕ್ಕು ಕೊಳ್ಳುವವರದು. ಅವಳು ಬೇಡವೆಂದರೆ ಶಶಿಕಲಾ ಚೀಲ ಎತ್ತಿಕೊಂಡು ಹೊರಡಬೇಕು.

ಗುಲ್ಫಶಾ ಪಡಸಾಲೆಯ ಕಡೆ ನೋಡಿದಳು. ಕಿಟಕಿಯ ಬಿಸಿಲು ಸೀಮೆಸುಣ್ಣದ ಚೌಕದೊಳಗೆ ಸರಿಯಾಗಿ ಬಂದು ಬಿದ್ದಿತ್ತು. ಮನಸ್ಸಿನಲ್ಲಿ ಅಳತೆ ಮಾಡಿದ್ದಂತೆಯೇ.

ಅವಳ ಫೋನು ಬಡಿದುಕೊಂಡಿತು. ಮಹಬೂಬಿ. "ಬಾದ್ ಮೇ ಬೋಲ್ತೂಂ ಅಮ್ಮೀ," ನಂತರ ಹೇಳುತ್ತೇನೆಂದು ಫೋನು ಇಟ್ಟಳು.

ಆಮೇಲೆ ಗೋಪಮ್ಮನ ಬಳಿ ಹೋಗಿ ಕಂಕುಳಿನ ಗಂಟನ್ನು ತಾನು ಇಸಿದುಕೊಂಡಳು. "ಭಾರ ಅದ, ಕೊಡ್ರಿ ಅಮ್ಮಾ." ತಿರುಗದೆಯೇ ಹೇಳಿದಳು, "ಒಡೀರಿ ಶಶಿಕ್ಕ."

ಮೌನಪ್ಪ ಕಿಟಕಿಯ ಅಂಚಿನಿಂದ ಅಳತೆ ಹಿಡಿದು, ನಡುವಿನ ಕಲ್ಲಿನ ಸಂದಿಗೆ ಉಳಿ ಇಟ್ಟ. ಪಂಪಾಪತಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಓಡುತ್ತಾನೆಂದುಕೊಂಡಿದ್ದಳು ಶಶಿಕಲಾ. ಓಡಲಿಲ್ಲ. ಕಾಲು ಹೂತಂತೆ ನಿಂತು ಉಳಿಯ ತುದಿಯನ್ನೇ ನೋಡುತ್ತಿದ್ದ. ಅವಳು ಪೊಲೀಸರಿಗೆ ಫೋನು ಮಾಡಿ ವಿಳಾಸ ಹೇಳಿದಾಗಲೂ ಅವನ ಕಣ್ಣು ಕದಲಲಿಲ್ಲ.

ನಾಲ್ಕು ಕಲ್ಲು ಎದ್ದವು. ಕೆಳಗೆ ಮರಳು. ಮರಳಿನ ಕೆಳಗೆ, ಫೋಟೋದಲ್ಲಿದ್ದ ದುಂಡು ಮುಚ್ಚಳ. ಬಳೆಯನ್ನು ಒಂದು ಪಕ್ಕಕ್ಕೆ ಬಡಿದು ಮಲಗಿಸಿದ್ದರು.

"ಬಾಗಬ್ಯಾಡ್ರಿ ಯಾರೂ," ಎಂದು ಮೌನಪ್ಪ ಕೈ ಅಡ್ಡ ಹಿಡಿದ. "ಮುಚ್ಚಿದ ಹಗೇವಿನ ಗಾಳಿ ಕೆಟ್ಟದ್ದು. ಮೊದಲ ದೀಪ ಇಳಿಬೇಕು. ದೀಪ ಆರಿದ್ರ ಮನಷ್ಯಾನೂ ಆರ್ತಾನ."

ಬಸ್ಸಮ್ಮ ಹಣತೆ ತರುತ್ತಾಳೆಂದು ಶಶಿಕಲಾ ಹಿಂದೆ ನೋಡಿದಳು. ಬಾಗಿಲಲ್ಲಿ ಅವಳಿರಲಿಲ್ಲ. ಗುಲ್ಫಶಾಳೇ ದೇವರ ಗೂಡಿನಿಂದ ಹಣತೆ ತಂದು ಹಚ್ಚಿದಳು. ಸಣ್ಣ ಬಕೀಟಿನಲ್ಲಿಟ್ಟು, ಹಗ್ಗ ಕಟ್ಟಿದರು.

ಮುಚ್ಚಳ ಸರಿದಾಗ ಎಲ್ಲರೂ ಉಸಿರು ಹಿಡಿದರು. ಗೋಪಮ್ಮ ಸೆರಗಿನಿಂದ ಮೂಗು ಮುಚ್ಚಿಕೊಳ್ಳಲಿಲ್ಲ. ಬರುವುದೇನಿದ್ದರೂ ಅದು ತನ್ನ ಮಗಳದು ಎಂಬಂತೆ ಮುಖವನ್ನು ಮುಂದೆಯೇ ಚಾಚಿದ್ದಳು.

ಬಂದದ್ದು ಹಳೆಯ ಜೋಳದ ಧೂಳಿನ ವಾಸನೆ. ಬೇರೇನೂ ಇಲ್ಲ.

ದೀಪ ಇಳಿಯಿತು. ಒಂದು ಆಳು ಇಳಿಯಿತು, ಒಂದೂವರೆ ಆಳು ಇಳಿಯಿತು. ಈಗ ಆರುತ್ತದೆ, ಈಗ ಆರುತ್ತದೆ ಎಂದು ಶಶಿಕಲಾ ಕಾದಳು. ಇಪ್ಪತ್ತೆರಡು ದಿನ ಮುಚ್ಚಿದ ಹಗೇವು.

ದೀಪ ಆರಲಿಲ್ಲ.

ತಳ ಮುಟ್ಟಿ ಬಕೀಟು ವಾಲಿ ನಿಂತಿತು. ಬೆಳಕು ದುಂಡನೆಯ ಗೋಡೆಯ ಸುತ್ತ ಹರಡಿತು. ಕೆಳಗೆ ಯಾರೂ ಇರಲಿಲ್ಲ.

"ಎಲ್ಲಿ?"

ಕೇಳಿದವನು ಪಂಪಾಪತಿ.

ಎಲ್ಲರೂ ಅವನತ್ತ ತಿರುಗಿದರು. ಚೌಕಟ್ಟು ಬಿಟ್ಟು ಮುಂದೆ ಬಂದು, ಹಗೇವಿನ ಅಂಚಿನಲ್ಲಿ ಮೊಣಕಾಲೂರಿದ್ದ. ಸಿಕ್ಕಿಬಿದ್ದವನ ಭಯವಲ್ಲ ಅವನ ಮುಖದಲ್ಲಿದ್ದುದು. ಇಟ್ಟ ಜಾಗದಲ್ಲಿ ಇಟ್ಟದ್ದು ಇಲ್ಲದಾಗ ಮನುಷ್ಯನ ಮುಖ ಹೇಗಾಗುತ್ತದೋ ಹಾಗಾಗಿತ್ತು.

"ಎಲ್ಲಿ ಅಂದ್ರ?" ಗೋಪಮ್ಮ ಅವನ ಅಂಗಿ ಹಿಡಿದಳು. ಮರ್ಯಾದೆ ಆ ಗಳಿಗೆಯಲ್ಲಿ ಹೋಯಿತು. "ಏನು ಇಟ್ಟಿದ್ದೀಲೇ ಇಲ್ಲಿ? ಏನು ಇಟ್ಟಿದ್ದಿ?"

"ಉಸಿರು ಇದ್ದಿಲ್ಲ," ಎಂದ ಅವನು, ಯಾರಿಗೂ ಅಲ್ಲದಂತೆ. "ಉಸಿರು ಇದ್ದಿಲ್ಲ. ನಾ ನೋಡೀನಿ."

ಶಶಿಕಲಾ ಟಾರ್ಚು ಹಿಡಿದು ಬಾಗಿದಳು. ತಳದ ಒಂದು ಮಗ್ಗುಲಲ್ಲಿ ಹಸಿರು ಚೌಕಳಿ ಬಟ್ಟೆ. ಮೌನಪ್ಪ ಕೊಕ್ಕೆ ಹಾಕಿ ಮೆಲ್ಲಗೆ ಮೇಲೆತ್ತಿದ. ಗಂಟು ಬಿಚ್ಚಿತ್ತು. ಒಳಗೆ ಒಣಗಿ ಹಪ್ಪಳವಾದ ಸಜ್ಜೆ ರೊಟ್ಟಿಗಳು.

"ಈ ಬಟ್ಟಿ ನಾ ಕೊಟ್ಟದ್ದು," ಎಂದಳು ಗೋಪಮ್ಮ.

ಮೇಲಿನ ರೊಟ್ಟಿಯನ್ನು ಗುಲ್ಫಶಾ ಎತ್ತಿ ಬೆಳಕಿಗೆ ಹಿಡಿದಳು. ಅರ್ಧ ಇರಲಿಲ್ಲ. ಅಂಚಿನಲ್ಲಿ ಕಚ್ಚಿದ ಗುರುತು ಇತ್ತು. ಇಲಿಯದಲ್ಲ, ಮನುಷ್ಯರ ಹಲ್ಲಿನದು.

"ತಿಂದಾಳ," ಎಂದಳು ನರ್ಸು ಗುಲ್ಫಶಾ, ಉಸಿರಿನಲ್ಲಿ. "ಶಶಿಕ್ಕ, ಇಲ್ಲಿ ಇಳಿಸಿದ ಮ್ಯಾಲ ಎಚ್ಚರಾಗಿ ತಿಂದಾಳ."

ಗೋಪಮ್ಮ ರೊಟ್ಟಿಯನ್ನು ಕಿತ್ತುಕೊಂಡು ಎದೆಗೆ ಒತ್ತಿಕೊಂಡಳು. ಅದು ಅವಳ ಬೆರಳುಗಳ ನಡುವೆ ಪುಡಿಯಾಯಿತು.

"ಯವ್ವಾ," ಎಂದ ಮೌನಪ್ಪ ಮಗಳಿಗೆ. "ದೀಪ ನೋಡು."

ಹಣತೆಯ ಕುಡಿ ನೆಟ್ಟಗೆ ಇರಲಿಲ್ಲ. ಒಂದೇ ಕಡೆಗೆ ವಾಲಿ, ಅಲ್ಲಿಯೇ ನಿಂತಿತ್ತು, ಯಾರೋ ಆ ಕಡೆಯಿಂದ ಮೆಲ್ಲಗೆ ಉಸಿರು ಎಳೆದುಕೊಳ್ಳುತ್ತಿದ್ದಂತೆ. ಎದುರಿನ ಗೋಡೆಯ ಕಡೆಗೆ. ಪಾಲಾದಾಗ ಎದ್ದ ಗೋಡೆ. ಗೋಡೆ ಎದ್ದದ್ದು ನೆಲದ ಮೇಲೆ. ನೆಲದ ಕೆಳಗೆ ಹಗೇವಿಗೆ ಯಾರೂ ಅಡ್ಡಗೋಡೆ ಕಟ್ಟಿರಲಿಲ್ಲ.

ಶಶಿಕಲಾ ಟಾರ್ಚನ್ನು ಕುಡಿ ವಾಲಿದ ಕಡೆ ತಿರುಗಿಸಿದಳು. ತಳದ ಆ ಕೊನೆಯಲ್ಲಿ ಕಲ್ಲಿನ ಕಮಾನಿನಂಥ ಕತ್ತಲೆ. ಅದರ ಬಾಯಲ್ಲಿ ಬೆಳ್ಳಗೆ ಏನೋ ಮಿಂಚಿತು. ಕೊಕ್ಕೆ ಎರಡು ಸಲ ಜಾರಿತು, ಮೂರನೆಯ ಸಲ ಹಿಡಿಯಿತು.

ಬಿಳಿಯ ಕಪ್ಪು. ನೀಲಿ ಬಳ್ಳಿ. ಬಸ್ಸಮ್ಮ ಒಡೆಯಿತೆಂದಿದ್ದ ಆರನೆಯದು, ಒಂದಿಷ್ಟೂ ಒಡೆದಿರಲಿಲ್ಲ. ತಳದಲ್ಲಿದ್ದ ಚಹದ ಗಸಿಗೆ ಗುಲ್ಫಶಾ ಬೆರಳು ಇಟ್ಟಳು.

ಇನ್ನೂ ಹಸಿಯಾಗಿತ್ತು.

ಗೋಡೆಯ ಆಚೆ, ಬಸ್ಸಮ್ಮನ ಮನೆಯಲ್ಲಿ, ಮುಂಬಾಗಿಲಿನ ಅಗಳಿ ಒಳಗಿನಿಂದ ಬಿದ್ದ ಸದ್ದು ಕೇಳಿಸಿತು.